ಅಂಕಿತವಿಲ್ಲದ ಮಾತು

ಪ್ರಭುವಿನ ಸ್ವರ್ಗಾರೋಹಣ ಮಹೋತ್ಸವ ಹಾಗೂ ವಿಶ್ವ ಸಂಪರ್ಕ ಮಾಧ್ಯಮ ದಿನದ ಚಿಂತನೆ
(ಪ್ರೇಷಿತರ ಕಾರ್ಯಕಲಾಪಗಳು 1:1-11, ಎಫೆಸ 1:17-23, ಮತ್ತಾಯ 28:16-20)



ಪುನರುತ್ಥಾನರಾದ ಪ್ರಭು ಯೇಸು ನಲವತ್ತು ದಿನಗಳವರೆಗೆ ಶಿಷ್ಯರಿಗೆ ಕಾಣಿಸಿಕೊಂಡು, ಕೊನೆಗೆ ಅವರ ಕಣ್ಣೆದುರಿನಲ್ಲೇ ಸ್ವರ್ಗಕ್ಕೆ ಏರಿಹೋದರು. ಶಿಷ್ಯರು ಆಕಾಶದ ಕಡೆ ಕಣ್ಣು ನೆಟ್ಟು ನಿಂತುಬಿಟ್ಟರು. ಆಗ ಬಿಳಿಯ ಉಡುಪಿನ ಇಬ್ಬರು ಬಂದು, ಮೇಲೆ ನೋಡುತ್ತಾ ಏಕೆ ನಿಂತಿರುವಿರಿ ಎಂದು ಅವರನ್ನು ಎಚ್ಚರಿಸಿದರು. ಆ ಇಬ್ಬರು ಇಂದು ನಮ್ಮ ಧರ್ಮಕೇಂದ್ರಗಳಿಗೆ ಬಂದರೆ ಕೇಳುವ ಪ್ರಶ್ನೆಯೇ ಬೇರೆ: ಕೆಳಗೆ ನೋಡುತ್ತಾ ಏಕೆ ಕುಳಿತಿರುವಿರಿ? ಬಸ್ಸಿನಲ್ಲಿ, ಊರ ಕಟ್ಟೆಯ ಮೇಲೆ, ಊಟದ ತಟ್ಟೆಯ ಮುಂದೆ, ಕೆಲವೊಮ್ಮೆ ದೇವಾಲಯದ ಬೆಂಚಿನಲ್ಲೂ ನಾವೆಲ್ಲ ತಲೆ ತಗ್ಗಿಸಿ ಮೊಬೈಲ್ ನೋಡುತ್ತಿರುತ್ತೇವೆ. ಗುರುಗಳಾದ ನಾವೂ ಇದಕ್ಕೆ ಹೊರತಲ್ಲ.

ಸ್ವರ್ಗಕ್ಕೆ ಏರುವ ಮುನ್ನ ಪ್ರಭು ಶಿಷ್ಯರಿಗೆ ಒಂದು ಕೆಲಸವನ್ನು ಒಪ್ಪಿಸಿದರು. ಜೆರುಸಲೇಮಿನಿಂದ ಹಿಡಿದು ಭೂಮಿಯ ಕಟ್ಟಕಡೆಯವರೆಗೆ ತಮಗೆ ಸಾಕ್ಷಿಗಳಾಗಬೇಕು ಎಂಬುದೇ ಆ ಕೆಲಸ. ಸಾಕ್ಷಿ ಎಂದರೆ ಯಾರು? ಕೋರ್ಟಿನ ಕಟಕಟೆಯಲ್ಲಿ ನಿಂತವನು ಮೊದಲು ತನ್ನ ಹೆಸರು, ತಂದೆಯ ಹೆಸರು, ಊರು ಹೇಳುತ್ತಾನೆ. ಆಮೇಲೆ ತಾನು ಕಂಡದ್ದನ್ನು ಹೇಳುತ್ತಾನೆ. 'ಮಂದಿ ಹಾಗೆ ಅನ್ನುತ್ತಿದ್ದರು' ಎಂದರೆ ಅದು ಸಾಕ್ಷಿಯಾಗುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಸರಿಯಾಗಿ ಅರಿತುಕೊಳ್ಳಲು ನಮಗೆ ಹಲವು ವರ್ಷಗಳೇ ಬೇಕಾದವು. ಅದನ್ನೇ ಈ ಹಬ್ಬದಂದು ನಿಮ್ಮೊಡನೆ ಹಂಚಿಕೊಳ್ಳಲು ಬಯಸುತ್ತೇವೆ.

ಧರ್ಮಸಭೆ ಮತ್ತು ಮಾಧ್ಯಮ

ಸ್ವರ್ಗಾರೋಹಣದ ಭಾನುವಾರವೇ ಧರ್ಮಸಭೆಯಲ್ಲಿ ವಿಶ್ವ ಸಂಪರ್ಕ ಮಾಧ್ಯಮ ದಿನವೂ ಹೌದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಸಂಪರ್ಕ ಮಾಧ್ಯಮಗಳ ಕುರಿತು ಹೊರಡಿಸಿದ ಆದೇಶಪತ್ರದಲ್ಲಿ ಇಂತಹ ಒಂದು ದಿನವನ್ನು ಪ್ರತಿವರ್ಷ ಆಚರಿಸಬೇಕೆಂದು ಹೇಳಿತು. ಅದರಂತೆ ವಿಶ್ವಗುರು ಆರನೇ ಪೌಲರ ಕಾಲದಲ್ಲಿ, 1967ರ ಮೇ 7ರಂದು, ಮೊದಲ ಆಚರಣೆ ನಡೆಯಿತು. ಈ ವರ್ಷ, ಅಂದರೆ 2026ರಲ್ಲಿ, ನಡೆಯುವುದು ಅರವತ್ತನೆಯದು. ಆಗ ಪತ್ರಿಕೆ, ರೇಡಿಯೋ, ಸಿನಿಮಾಗಳ ಮಾತಿತ್ತು. 2002ರಲ್ಲಿ ವ್ಯಾಟಿಕನ್ ಅಂತರ್ಜಾಲದ ಬಗೆಗೆ ಎರಡು ಕೈಪಿಡಿಗಳನ್ನು ಹೊರತಂದಿತು. 2012ರ ಡಿಸೆಂಬರ್ 12ರಂದು ವಿಶ್ವಗುರು ಹದಿನಾರನೇ ಬೆನೆಡಿಕ್ಟರು ಟ್ವಿಟರ್‌ನಲ್ಲಿ ತಮ್ಮ ಮೊದಲ ಸಂದೇಶ ಕಳುಹಿಸಿದರು. 2025ರ ಜುಲೈ 28 ಮತ್ತು 29ರಂದು, ಜ್ಯೂಬಿಲಿ ವರ್ಷದ ಅಂಗವಾಗಿ, ಸಾಮಾಜಿಕ ಜಾಲತಾಣಗಳಲ್ಲಿ ಸೇವೆ ಮಾಡುವವರ ಸಮಾವೇಶ ರೋಮಿನಲ್ಲಿ ನಡೆಯಿತು. ಅಲ್ಲಿ ವಿಶ್ವಗುರು ಹದಿನಾಲ್ಕನೇ ಲಿಯೋರವರು ಒಂದು ಸುಂದರ ಕರೆ ನೀಡಿದರು. ಪ್ರಭು ಕರೆದಾಗ ಯಕೋಬ ಮತ್ತು ಯೊವಾನ್ನರು ದೋಣಿಯಲ್ಲಿ ಕುಳಿತು ಬಲೆಗಳನ್ನು ಸರಿಪಡಿಸುತ್ತಿದ್ದರು. ಅವರಂತೆಯೇ ನೀವೂ ಬಲೆಗಳನ್ನು ಸರಿಪಡಿಸಿರಿ ಎಂಬುದು ಆ ಕರೆಯ ಸಾರ.

ನಮ್ಮ ಕನ್ನಡದಲ್ಲಿ ಈ ಮಾತು ಇನ್ನೂ ಚೆನ್ನಾಗಿ ಹೊಂದುತ್ತದೆ. ಜಾಲವೆಂದರೆ ಬಲೆಯೇ ಅಲ್ಲವೇ? ಅಂತರ್ಜಾಲವೂ ಒಂದು ಬಲೆ. ಬೆಸ್ತನ ಬಲೆ ಮನೆಮಂದಿಯ ಹೊಟ್ಟೆ ತುಂಬಿಸುತ್ತದೆ. ಜೇಡನ ಬಲೆ ಸಿಕ್ಕಿಬಿದ್ದದ್ದನ್ನು ಕೊಲ್ಲುತ್ತದೆ. ನಮ್ಮ ಕೈಯಲ್ಲಿರುವ ಬಲೆ ಯಾವುದು?

ಸಮ್ಮೇಳನದಲ್ಲಿ ಕೇಳಿದ ಪ್ರಶ್ನೆ

ಕಳೆದ ವರ್ಷ ಗುರುಗಳು, ಧರ್ಮಭಗಿನಿಯರು, ಉಪದೇಶಿಗಳು ಹಾಗೂ ಯುವಜನರಿಗಾಗಿ ನಡೆದ ಸಾಮಾಜಿಕ ಮಾಧ್ಯಮಗಳ ಸಮ್ಮೇಳನವೊಂದರಲ್ಲಿ ನಾವೂ ಪಾಲ್ಗೊಂಡಿದ್ದೆವು. ಬಲಿಪೂಜೆಯನ್ನು ಮೊಬೈಲಿನಲ್ಲಿ ಬಿತ್ತರಿಸುವುದು ಹೇಗೆ, ಒಳ್ಳೆಯ ಚಿತ್ರ ತೆಗೆಯುವುದು ಹೇಗೆ ಎಂಬುದನ್ನು ಕಲಿತು ಬರೋಣವೆಂದುಕೊಂಡು ಹೋಗಿದ್ದೆವು. ಅದನ್ನೂ ಕಲಿಸಿದರು. ಆದರೆ ಮನಸ್ಸಿನಲ್ಲಿ ನಿಂತದ್ದು ಮೊದಲ ದಿನ ಮಧ್ಯಾಹ್ನದ ಒಂದು ಪ್ರಶ್ನೆ. ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟು, 'ಸುಳ್ಳೆಂದು ತಿಳಿದ ಮೇಲೂ ನೀವು ಸರಿಪಡಿಸದೆ ಬಿಟ್ಟ ಒಂದು ಸಂದೇಶವನ್ನು ಬರೆಯಿರಿ' ಎಂದರು. ಹೆಸರು ಬರೆಯಬೇಕಾಗಿರಲಿಲ್ಲ. ಸಭಾಂಗಣ ಬಹಳ ಹೊತ್ತು ಮೌನವಾಗಿತ್ತು. ನಾವು ಬರೆದದ್ದನ್ನು ಇಲ್ಲಿ ಹೆಸರಿನೊಡನೆ ಹೇಳುವುದು ನ್ಯಾಯ.

ಅದು 2018. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶಗಳು ರಾಜ್ಯದ ತುಂಬ ಹರಿದಾಡುತ್ತಿದ್ದ ಕಾಲ. ನಮ್ಮ ಮೊಬೈಲಿಗೂ ಒಂದು ಬಂತು. ಕಳುಹಿಸಿದವರು ಪರಿಚಯದವರೇ. ಒಂದು ಫೋಟೋ, ಒಂದು ಧ್ವನಿಮುದ್ರಣ, ಕೆಳಗೆ 'ಎಲ್ಲರಿಗೂ ತಲುಪಿಸಿ' ಎಂಬ ಬೇಡಿಕೆ. ಧರ್ಮೋಪದೇಶದ ಮಕ್ಕಳ ತಂದೆತಾಯಿಗಳ ವಾಟ್ಸಾಪ್ ಗುಂಪಿಗೆ ನಾವು ಅದನ್ನು ಹಾಗೆಯೇ ಕಳುಹಿಸಿದೆವು, ಕೈಮುಗಿದ ಚಿತ್ರವೊಂದನ್ನೂ ಸೇರಿಸಿ. ಮಕ್ಕಳ ಮೇಲಿನ ಕಾಳಜಿಯಿಂದಲೇ ಮಾಡಿದ ಕೆಲಸವದು. ಎರಡು ದಿನಗಳ ಮೇಲೆ ಹಾನಗಲ್ ಸೀಮೆಯ ಒಂದು ಹಳ್ಳಿಯಲ್ಲಿ, ಹಳೆಯ ಬಟ್ಟೆ, ಕೂದಲು ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರಿಯೊಬ್ಬನನ್ನು ಹುಡುಗರು ಸುತ್ತುಗಟ್ಟಿದರು. ಅವನ ಗಂಟನ್ನು ಬಿಚ್ಚಿ ಮಣ್ಣಿಗೆ ಸುರಿದರು. ಲೋಟ, ತಾಟು, ಡಬ್ಬಿಗಳು ಬೀದಿಯ ತುಂಬ ಉರುಳಿದವು. ಅಷ್ಟರಲ್ಲಿ ನಮ್ಮ ವಿಶ್ವಾಸಿಗಳಲ್ಲಿ ಒಬ್ಬರಾದ ಹಿರಿಯ ತಾಯಿ ಹೊರಗೆ ಬಂದು, ಅವನ ಕೈಹಿಡಿದು ಮನೆಯೊಳಗೆ ಕರೆದೊಯ್ದು, ನೀರು ಕೊಟ್ಟು ಬಾಗಿಲು ಹಾಕಿಕೊಂಡರು. ಪೊಲೀಸರು ಬಂದು ವಿಚಾರಿಸಿ ಅವನನ್ನು ಬಸ್ಸು ಹತ್ತಿಸಿದರು. ಅವನ ಜೀವಕ್ಕೆ ಅಪಾಯವಾಗಲಿಲ್ಲ.

ಮರುದಿನ ನಾವು ಆ ಹಳ್ಳಿಗೆ ಹೋಗಿ, ಹುಡುಗರಲ್ಲಿ ಒಬ್ಬನನ್ನು ಗದರಿಸಿದೆವು. ಚಿಕ್ಕಂದಿನಲ್ಲಿ ಪೀಠದ ಬಳಿ ಸೇವೆ ಮಾಡಿದ ಹುಡುಗ ಅವನು. ತಲೆ ತಗ್ಗಿಸಿ ಹೇಳಿದ: "ಫಾದರ್, ನೀವ ಕಳಿಸಿದ್ದಿರಲ್ರೀ. ನೀವು ಸುಳ್ಳ ಕಳಸ್ತೀರೇನು ಅಂತ ನಂಬಿದ್ವಿ."

ನಮ್ಮಲ್ಲಿ ಉತ್ತರವಿರಲಿಲ್ಲ. ಆ ತಾಯಿಯನ್ನು ಕಂಡು, ನಿಮಗೆ ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆವು. ಅವರು ಹೇಳಿದ್ದು ಇಷ್ಟೇ: "ಮಂದಿ ಎಲ್ಲಾ ಮೊಬೈಲ್ ನೋಡಾಕತ್ತಿದ್ರು. ನಾ ಅವನ ಮಾರಿ ನೋಡಿದ್ನಿರಿ."

ಅದೇ ವರ್ಷ ಉಳಿದೆಡೆ ಇಷ್ಟಕ್ಕೇ ಮುಗಿಯಲಿಲ್ಲ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ದುಡಿಯಲು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಕಂಡ ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಸಂಶಯ ಹುಟ್ಟಿತು. ಅವರು ಕಾರು ಹತ್ತಿ ಹೊರಟರೂ ಸಂದೇಶ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದ ಬಳಿ ದಾರಿಗೆ ಅಡ್ಡ ಹಾಕಿ ಹೊಡೆದರು. ಒಬ್ಬ ಯುವ ಇಂಜಿನಿಯರ್ ಪ್ರಾಣಬಿಟ್ಟನು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಅಲ್ಲಿ ಸಂದೇಶ ಕಳುಹಿಸಿದವರಲ್ಲಿ ಎಷ್ಟು ಮಂದಿ ತಂದೆತಾಯಿಗಳಿದ್ದರೋ, ಎಷ್ಟು ಮಂದಿ ನಮ್ಮಂತೆ 'ಕಾಳಜಿಯಿಂದ' ಕಳುಹಿಸಿದ್ದರೋ!

ಮೊದಲ ಪಾಠ: ಕಳುಹಿಸುವುದೂ ಮಾತನಾಡುವುದೇ

'ಅದು ನನ್ನ ಮಾತಲ್ಲ, ನನಗೆ ಬಂದದ್ದನ್ನು ಕಳುಹಿಸಿದೆ ಅಷ್ಟೇ' ಎಂದು ನಾವೆಲ್ಲ ಹೇಳುತ್ತೇವೆ. ಸಮ್ಮೇಳನದಲ್ಲಿ ಮೊದಲು ಮುರಿದದ್ದು ಈ ನೆಪವನ್ನೇ. ಪತ್ರಿಕೆಯಲ್ಲಿ ಸುದ್ದಿ ಅಚ್ಚಾಗುವ ಮುನ್ನ ಸಂಪಾದಕರೊಬ್ಬರ ಕಣ್ಣಿನಡಿ ಹಾದು ಬರುತ್ತದೆ. ವಾಟ್ಸಾಪ್‌ನಲ್ಲಿ ಹಾಗಿಲ್ಲ. ಕಳುಹಿಸಿದವರು ಮತ್ತು ಪಡೆದವರ ಹೊರತು ನಡುವೆ ಯಾರೂ ಓದಲಾಗದಂತೆ 2016ರಿಂದ ಸಂದೇಶಗಳಿಗೆ ಬೀಗವಿದೆ. ಖಾಸಗಿ ಮಾತಿಗೆ ಅದು ಒಳ್ಳೆಯದೇ. ಆದರೆ ನಡುವೆ ಯಾರೂ ಇಲ್ಲವೆಂದ ಮೇಲೆ ಹೊಣೆಯೆಲ್ಲ ಎರಡು ತುದಿಗಳಲ್ಲಿ ಇರುವವರದೇ ಆಗುತ್ತದೆ. ನಮ್ಮಲ್ಲಿ ಪ್ರತಿಯೊಬ್ಬರೂ ಸಂಪಾದಕರೇ.

ಇನ್ನೊಂದು ಮಾತು. ಸುದ್ದಿ ನಿಜವೆಂದು ಜನ ನಂಬುವುದು ಸುದ್ದಿಯನ್ನು ನೋಡಿ ಅಲ್ಲ, ಕೊಟ್ಟವರನ್ನು ನೋಡಿ. ಎಲ್ಲಿಂದಲೋ ಹೊರಟ ಸುಳ್ಳಿಗೆ ಆರಂಭದಲ್ಲಿ ಯಾವ ಮರ್ಯಾದೆಯೂ ಇರುವುದಿಲ್ಲ. ಅದು ಒಬ್ಬ ಮಾವನ ಕೈಗೆ ಬಂದರೆ ಮಾವನ ಮರ್ಯಾದೆ ಅದಕ್ಕೆ ಅಂಟುತ್ತದೆ, ಶಿಕ್ಷಕಿಯ ಕೈಗೆ ಬಂದರೆ ಶಿಕ್ಷಕಿಯ ಮರ್ಯಾದೆ. ಗುರುಗಳ ಕೈಯಿಂದ ಹೊರಟರೆ ದೇವಾಲಯದ ಮರ್ಯಾದೆಯೇ ಅದಕ್ಕೆ ಅಂಟುತ್ತದೆ. ಆ ಹುಡುಗ ಹೇಳಿದ್ದು ಇದನ್ನೇ.

ಎರಡನೆಯ ಪಾಠ: ಸುಳ್ಳು ಸುದ್ದಿಗೆ ಶುಭಸಂದೇಶದಷ್ಟೇ ವಯಸ್ಸು

ಸುಳ್ಳು ಸುದ್ದಿ ಮೊಬೈಲಿನೊಡನೆ ಹುಟ್ಟಿದ್ದಲ್ಲ. ವಿಶ್ವಗುರು ಫ್ರಾನ್ಸಿಸರು 2018ರ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಈ ವಿಷಯಕ್ಕೇ ಮೀಸಲಿಟ್ಟು, ಏದೆನ್ ತೋಟದ ಸರ್ಪವೇ ಮೊದಲ ಸುಳ್ಳು ಸುದ್ದಿ ಹರಡಿತೆಂದು ನೆನಪಿಸಿದ್ದರು. ಸರ್ಪ ಪೂರ್ತಿ ಸುಳ್ಳನ್ನು ಹೇಳಲಿಲ್ಲ. ದೇವರ ಮಾತನ್ನೇ ತುಸು ತಿರುಚಿ ಹೇಳಿತು.

ಇಂದಿನ ಶುಭಸಂದೇಶದ ಅಧ್ಯಾಯವನ್ನೇ ತೆರೆದು ನೋಡಿರಿ. ನಾವು ಓದುವುದು ಮತ್ತಾಯ 28ನೇ ಅಧ್ಯಾಯದ ಕೊನೆಯ ಭಾಗ. ಅದಕ್ಕೆ ಮುಂಚೆ ಅದೇ ಅಧ್ಯಾಯದಲ್ಲಿ ಎರಡು ಸುದ್ದಿಗಳು ಹೊರಡುತ್ತವೆ. ಖಾಲಿ ಸಮಾಧಿಯನ್ನು ಕಂಡ, ಪ್ರಭುವಿನ ಪಾದಗಳನ್ನೇ ಹಿಡಿದು ನಮಿಸಿದ ಮಹಿಳೆಯರು ಒಂದು ಸುದ್ದಿಯನ್ನು ಶಿಷ್ಯರಿಗೆ ಒಯ್ಯುತ್ತಾರೆ. ಕಾವಲುಗಾರರು ಇನ್ನೊಂದು ಸುದ್ದಿಯನ್ನು ಒಯ್ಯುತ್ತಾರೆ: ತಾವು ನಿದ್ರಿಸುತ್ತಿದ್ದಾಗ ಶಿಷ್ಯರು ಬಂದು ದೇಹವನ್ನು ಕದ್ದೊಯ್ದರಂತೆ. ಹಾಗೆ ಹೇಳಲು ಅವರಿಗೆ ಹಣ ಸಿಕ್ಕಿತ್ತು. ನಿದ್ರೆಯಲ್ಲಿದ್ದವರಿಗೆ ಕದ್ದವರು ಯಾರೆಂದು ತಿಳಿದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ! ಆ ಸುದ್ದಿಯೂ ಹರಡಿತು, ಬಹುಕಾಲ ಉಳಿಯಿತು ಎಂದು ಮತ್ತಾಯರು ಬರೆಯುತ್ತಾರೆ. ಎಷ್ಟು ದೂರ ಹರಡಿತು ಎಂಬುದು ಸತ್ಯಕ್ಕೆ ಅಳತೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ಕೆಟ್ಟ ಉದ್ದೇಶವಿಲ್ಲದೆಯೂ ಸುಳ್ಳು ಹರಡಬಹುದು. ಪ್ರಭುವಿನ ಪ್ರಿಯ ಶಿಷ್ಯನಿಗೆ ಸಾವೇ ಇಲ್ಲವೆಂಬ ಮಾತು ಆದಿಸಭೆಯ ಸಹೋದರರ ನಡುವೆಯೇ ಹಬ್ಬಿತ್ತು. ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ (21:23) ಅದಕ್ಕೆ ತಿದ್ದುಪಡಿ ಇದೆ: ಪ್ರಭು ಹಾಗೆ ಹೇಳಲಿಲ್ಲ, ಹೇಳಿದ್ದು ಬೇರೆ ಎಂದು ಅವರ ಮಾತನ್ನೇ ಮತ್ತೆ ಎತ್ತಿ ತೋರಿಸಲಾಗಿದೆ. ಭಕ್ತಿಯಿಂದ ಹರಡಿದ ತಪ್ಪನ್ನೂ ಶುಭಸಂದೇಶ ಹಾಗೆಯೇ ಬಿಡಲಿಲ್ಲ. 'ಈ ಪ್ರಾರ್ಥನೆಯನ್ನು ಹನ್ನೊಂದು ಮಂದಿಗೆ ಕಳುಹಿಸದಿದ್ದರೆ ಕೇಡು ತಪ್ಪದು' ಎಂಬಂತಹ ಸಂದೇಶಗಳನ್ನು ಸಂತರ ಚಿತ್ರದೊಡನೆ ಕಳುಹಿಸುವ ನಮ್ಮ ಕುಟುಂಬಗಳು ಇದನ್ನು ಗಮನಿಸಬೇಕು. ಹೆದರಿಸಿ ಮಾಡಿಸುವ ಪ್ರಾರ್ಥನೆ ಪ್ರಾರ್ಥನೆಯಲ್ಲ.

ಸಂತ ಲೂಕರ ರೀತಿಯನ್ನು ನೋಡಿರಿ. ಕಣ್ಣಾರೆ ಕಂಡವರಿಂದ ಬಂದ ವಿಷಯಗಳನ್ನು ಮೊದಲಿನಿಂದಲೂ ಕೂಲಂಕಷವಾಗಿ ವಿಚಾರಿಸಿ ಬರೆಯುತ್ತಿರುವುದಾಗಿ ಅವರು ತಮ್ಮ ಶುಭಸಂದೇಶದ ಆರಂಭದಲ್ಲೇ ಹೇಳುತ್ತಾರೆ. ಇಂದಿನ ಮೊದಲ ವಾಚನವೂ ಅವರದೇ ಬರಹ. ಪವಿತ್ರಾತ್ಮರ ಪ್ರೇರಣೆ ಪಡೆದವರೇ ವಿಚಾರಿಸಿ ಬರೆದರು; ನಾವೋ ವಿಚಾರಿಸದೆ ಕಳುಹಿಸುತ್ತೇವೆ.

ಮೂರನೆಯ ಪಾಠ: ಮಾತಿಗೆ ಅಂಕಿತ ಬೇಕು

ಹಳ್ಳಿಗಳಲ್ಲಿ ಡಂಗುರ ಸಾರುತ್ತಿದ್ದ ಕಾಲವನ್ನು ಹಿರಿಯರು ನೆನಪಿಸಿಕೊಳ್ಳಲಿ. ಸಾರುವವನ ಮುಖ ಊರಿಗೆಲ್ಲ ಗೊತ್ತು, ಸಾರಿಸಿದವರು ಯಾರೆಂಬುದೂ ಗೊತ್ತು. ತಪ್ಪಾದರೆ ಯಾರನ್ನು ಕೇಳಬೇಕೆಂಬ ಗೊಂದಲವಿರಲಿಲ್ಲ. ಅದಕ್ಕೂ ಹಿಂದೆ ಈ ನೆಲದಲ್ಲಿ ಬಾಯಿಂದ ಬಾಯಿಗೆ ಮಾತು ಹರಿಸಿದ ಮಹನೀಯರನ್ನು ನೋಡಿರಿ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಕೀರ್ತನೆಗಳಲ್ಲಿ ಕಾಗಿನೆಲೆಯ ಆದಿಕೇಶವನ ಅಂಕಿತವಿದೆ. ಅದೇ ತಾಲೂಕಿನ ಶಿಶುನಾಳದ ಶರೀಫರ ಹಾಡುಗಳಲ್ಲಿ ಶಿಶುನಾಳಾಧೀಶನ ಹೆಸರಿದೆ. ಹಿರೇಕೆರೂರು ಸೀಮೆಯವನೆಂದು ಜನ ನಂಬುವ ಸರ್ವಜ್ಞ ತನ್ನ ಹೆಸರನ್ನೇ ತ್ರಿಪದಿಯ ಕೊನೆಗೆ ಇಟ್ಟನು. ಚೌಡದಾನಪುರದ ಅಂಬಿಗರ ಚೌಡಯ್ಯನವರ ವಚನಗಳಿಗೂ ಅವರ ಹೆಸರೇ ಅಂಕಿತ. ಎಷ್ಟು ಊರು ದಾಟಿದರೂ, ಎಷ್ಟು ತಲೆಮಾರು ಹಾಡಿದರೂ, ಆ ಮಾತು ಯಾರದೆಂಬುದು ಮಾತಿನೊಡನೆಯೇ ಸಾಗಿ ಬಂತು.

ಸಂತ ಪೌಲರಿಗೂ ಈ ಎಚ್ಚರವಿತ್ತು. ತಮ್ಮ ಹೆಸರಿನಲ್ಲಿ ಯಾರೋ ಬರೆದ ಪತ್ರದಿಂದ ಗಾಬರಿಯಾಗಬಾರದೆಂದು ಥೆಸಲೋನಿಕದವರನ್ನು ಎಚ್ಚರಿಸಿ, ಅದೇ ಪತ್ರದ ಕೊನೆಗೆ ಸ್ವಂತ ಕೈಬರಹದಲ್ಲಿ ವಂದನೆ ಬರೆದು, ತಮ್ಮ ಪತ್ರಗಳಿಗೆಲ್ಲ ಇದೇ ಗುರುತೆಂದರು. ಅದು ಪೌಲರ ಅಂಕಿತ.

ನಮ್ಮ ಮೊಬೈಲಿಗೆ ಬರುವ ಬಹುಪಾಲು ಸಂದೇಶಗಳಿಗೆ ಈ ಅಂಕಿತವೇ ಇಲ್ಲ. ಯಾವ ಊರು, ಯಾವ ದಿನ, ಹೇಳಿದವರು ಯಾರು, ಒಂದೂ ಇರುವುದಿಲ್ಲ. ಈಗಂತೂ ಕೃತಕ ಬುದ್ಧಿಮತ್ತೆಯಿಂದ ಯಾರದೋ ಮುಖಕ್ಕೆ ಯಾರದೋ ಮಾತು ಜೋಡಿಸಬಹುದು. ಮಗನ ಧ್ವನಿಯನ್ನೇ ಅನುಕರಿಸಿ ತಾಯಿಯಿಂದ ಹಣ ಕೇಳಬಹುದು. ಆದುದರಿಂದಲೇ ವಿಶ್ವಗುರು ಲಿಯೋರವರು ಈ ವರ್ಷದ ಸಂಪರ್ಕ ಮಾಧ್ಯಮ ದಿನಕ್ಕೆ ಮಾನವ ಧ್ವನಿ ಮತ್ತು ಮುಖಗಳನ್ನು ಕಾಪಾಡುವುದು ಎಂಬ ವಿಷಯವನ್ನು ಆರಿಸಿದ್ದಾರೆ. ನಮ್ಮ ಹಳ್ಳಿಯ ತಾಯಿ ವ್ಯಾಪಾರಿಯ 'ಮಾರಿ ನೋಡಿದ್ನಿ' ಎಂದದ್ದು ಈ ಸಂದೇಶದ ತಿರುಳೇ.

ನಾಲ್ಕನೆಯ ಪಾಠ: ತಪ್ಪನ್ನು ಅಳಿಸಿದರೆ ಸಾಲದು

ನಾವು 2018ರಲ್ಲಿ ಆ ಸಂದೇಶವನ್ನು ನಮ್ಮ ಮೊಬೈಲಿನಿಂದ ಅಳಿಸಿದೆವು. ಅಲ್ಲಿಗೆ ಮುಗಿಯಿತೆಂದುಕೊಂಡೆವು. ಗುಂಪಿನಲ್ಲಿ 'ಅದು ಸುಳ್ಳು, ನಾನು ತಪ್ಪು ಮಾಡಿದೆ' ಎಂದು ಬರೆಯಲಿಲ್ಲ. ಗುರುಗಳ ಮಾತಿಗೆ ಬೆಲೆ ಕಡಿಮೆಯಾದೀತೆಂಬ ಅಳುಕು. ಎಂಟನೆಯ ಆಜ್ಞೆಯನ್ನು ವಿವರಿಸುವಾಗ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ದುಡುಕಿನ ತೀರ್ಪು, ಚಾಡಿ, ಸುಳ್ಳಾರೋಪ ಇವುಗಳನ್ನು ಪಾಪವೆಂದು ಹೇಳಿ (2477) ನಿಲ್ಲುವುದಿಲ್ಲ. ಸತ್ಯಕ್ಕೆ ಆದ ಹಾನಿಗೆ ಪರಿಹಾರ ಸಲ್ಲಿಸುವ ಕರ್ತವ್ಯವೂ ಇದೆ, ಪಾಪಕ್ಷಮೆ ದೊರೆತ ಮೇಲೂ ಆ ಕರ್ತವ್ಯ ಉಳಿಯುತ್ತದೆ ಎಂದು ಬೋಧಿಸುತ್ತದೆ (2487). ಕದ್ದವನು ಪಾಪನಿವೇದನೆ ಮಾಡಿದರಷ್ಟೇ ಸಾಲದು, ಕದ್ದದ್ದನ್ನು ಹಿಂದಿರುಗಿಸಬೇಕು ಎಂದು ನಾವೇ ಮಕ್ಕಳಿಗೆ ಕಲಿಸುತ್ತೇವಲ್ಲವೇ? ಒಬ್ಬರ ಮಾನ ಕದ್ದರೂ ಅದೇ ನಿಯಮ. ಸುಳ್ಳು ಯಾವ ಗುಂಪಿಗೆ ಹೋಗಿತ್ತೋ ಅದೇ ಗುಂಪಿಗೆ, ಅಷ್ಟೇ ಸ್ಪಷ್ಟವಾಗಿ, ತಿದ್ದುಪಡಿಯೂ ಹೋಗಬೇಕು.

ಹಾಗಾದರೆ ಮೊಬೈಲನ್ನೇ ಬಿಡಬೇಕೇ?

ಖಂಡಿತ ಬೇಡ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ದೇವಾಲಯಗಳು ಮುಚ್ಚಿದಾಗ ಇದೇ ಮೊಬೈಲಿನಲ್ಲಿ ನಾವು ಬಲಿಪೂಜೆ ಕಂಡೆವು. ದೂರದೂರಿಗೆ ದುಡಿಯಲು ಹೋದ ಮಕ್ಕಳು ರಾತ್ರಿ ಮನೆಯವರೊಡನೆ ಜಪಸರ ಹೇಳುವುದು ಇದರಿಂದಲೇ. 2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಕಾರ್ಲೋ ಅಕುಟಿಸ್ ಹದಿನೈದನೇ ವಯಸ್ಸಿನಲ್ಲಿ, 2006ರಲ್ಲಿ, ತೀರಿಕೊಂಡ ಬಾಲಕ. ಪರಮಪ್ರಸಾದದ ಅದ್ಭುತಗಳ ವಿವರಗಳನ್ನು ಸಂಗ್ರಹಿಸಿ ಅಂತರ್ಜಾಲದಲ್ಲಿ ಜೋಡಿಸಿಟ್ಟವನು. ಬೆಸ್ತನ ಬಲೆಯೂ ಇದೇ ಜಾಲದಲ್ಲಿದೆ.

ಆದುದರಿಂದ ಕುಟುಂಬಗಳಿಗೆ ಕೆಲವು ಸರಳ ಅಭ್ಯಾಸಗಳನ್ನು ಸೂಚಿಸುತ್ತೇವೆ:

1. ಸಂದೇಶ ಓದಿದೊಡನೆ ಸಿಟ್ಟು ಅಥವಾ ಭಯ ಬಂದರೆ ತಕ್ಷಣ ಕಳುಹಿಸಬೇಡಿ. ಒಂದು 'ಪರಲೋಕದ ತಂದೆಯೇ' ಪ್ರಾರ್ಥನೆ ಹೇಳುವಷ್ಟು ಹೊತ್ತು ತಡೆಯಿರಿ.

2. ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. ಅದನ್ನು ಒಮ್ಮೆಗೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳುಹಿಸಲು ಸಾಧ್ಯವಾಗುವಂತೆ 2020ರಲ್ಲಿ ವಾಟ್ಸಾಪ್ ಮಿತಿ ಹಾಕಿತು. ಅಂತಹದ್ದನ್ನು ಇನ್ನಷ್ಟು ಎಚ್ಚರದಿಂದ ನೋಡಿರಿ.

3. 'ನಿಮಗೆ ಇದು ಯಾರಿಂದ ಬಂತು?' ಎಂದು ಕಳುಹಿಸಿದವರನ್ನು ವಿನಯದಿಂದ ಕೇಳಿರಿ. ಸರ್ಕಾರದ ಯೋಜನೆ, ಆದೇಶ ಎಂದು ಬರುವುದನ್ನು ಪಂಚಾಯತಿಯಲ್ಲೋ ತಹಶೀಲ್ದಾರರ ಕಚೇರಿಯಲ್ಲೋ ವಿಚಾರಿಸಿರಿ. ಕೇಂದ್ರ ಸರ್ಕಾರದ ಸುದ್ದಿಗಳಿಗೆ ಪಿಐಬಿಯ ಸತ್ಯಪರಿಶೀಲನಾ ವಿಭಾಗವೂ ಇದೆ.

4. ಅಪರಿಚಿತರ ಬಗೆಗೆ ನಿಜವಾಗಿಯೂ ಸಂಶಯ ಬಂದರೆ ಗುಂಪಿಗೆ ಬರೆಯಬೇಡಿ, 112ಕ್ಕೆ ಕರೆ ಮಾಡಿರಿ. ಅಪಾಯದಲ್ಲಿರುವ ಮಕ್ಕಳಿಗಾಗಿ 1098, ಮೊಬೈಲ್ ಮೂಲಕ ಹಣ ಕಳೆದುಕೊಂಡರೆ ತಡಮಾಡದೆ 1930. ವಿಡಿಯೋ ಕರೆಯಲ್ಲಿ ಪೊಲೀಸರು ಯಾರನ್ನೂ ಬಂಧಿಸುವುದಿಲ್ಲವೆಂಬುದನ್ನು ಮನೆಯ ಹಿರಿಯರಿಗೆ ತಿಳಿಸಿರಿ.

5. ಊಟದ ಹೊತ್ತಿನಲ್ಲಿ, ಮನೆಪ್ರಾರ್ಥನೆಯ ಹೊತ್ತಿನಲ್ಲಿ ಮೊಬೈಲುಗಳೆಲ್ಲ ಒಂದೆಡೆ ಇರಲಿ. ಮಕ್ಕಳದಷ್ಟೇ ಅಲ್ಲ, ತಂದೆತಾಯಿಯರದೂ.

6. ಕಳುಹಿಸುವ ಮಾತಿನ ಕೆಳಗೆ ನಿಮ್ಮ ಹೆಸರು ಬರೆಯಲು ಮನಸ್ಸು ಒಪ್ಪದಿದ್ದರೆ ಕಳುಹಿಸಬೇಡಿ.

ಪ್ರಿಯರೇ, ಸಮ್ಮೇಳನದಿಂದ ಮರಳಿದ ವಾರವೇ ನಾವು ಆ ಹಳೆಯ ಗುಂಪಿನಲ್ಲಿ ತಿದ್ದುಪಡಿ ಬರೆದೆವು, ಏಳು ವರ್ಷ ತಡವಾಗಿ. ಮುಂದಿನ ಭಾನುವಾರ ಬಲಿಪೂಜೆಯಲ್ಲೂ ಹೇಳಿದೆವು. ಯಾರೂ ನಗಲಿಲ್ಲ. ಪೂಜೆಯ ಬಳಿಕ ಇಬ್ಬರು ಬಂದು ತಾವು ಕಳುಹಿಸಿದ ಸುಳ್ಳುಗಳನ್ನು ಹೇಳಿಕೊಂಡರು. ಆಮೇಲೆ ಆ ಹಳ್ಳಿಗೆ ಹೋಗಿ ಪಾತ್ರೆಯ ವ್ಯಾಪಾರಿಯನ್ನು ವಿಚಾರಿಸಿದೆವು. ಅವನು ಅಂದಿನಿಂದ ಆ ಊರಿಗೆ ಬಂದೇ ಇಲ್ಲವಂತೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಅಂದು ನಾವೂ ಕೇಳಿರಲಿಲ್ಲ. ಅವನಲ್ಲಿ ಕ್ಷಮೆ ಕೇಳುವ ಭಾಗ್ಯ ನಮಗೆ ಸಿಗಲಿಲ್ಲ. ಈ ಬರಹವನ್ನು ಅವನಿಗೆ ಸಲ್ಲಬೇಕಾದ ಪರಿಹಾರದ ಒಂದ���ಶವೆಂದು ಭಾವಿಸಿ ಓದಿರಿ.

ಗಲಿಲೇಯದ ಬೆಟ್ಟದ ಮೇಲೆ ಪ್ರಭುವನ್ನು ಕಂಡಾಗಲೂ ಕೆಲವರು ಸಂದೇಹಪಟ್ಟರೆಂದು ಇಂದಿನ ಶುಭಸಂದೇಶ ಹೇಳುತ್ತದೆ. ಪ್ರಭು ಅವರನ್ನು ಹೊರಗೆ ಕಳುಹಿಸಲಿಲ್ಲ. ತಾವೇ ಹತ್ತಿರ ಬಂದು ಮಾತನಾಡಿದರು, ಲೋಕಾಂತ್ಯದವರೆಗೂ ಜೊತೆಗಿರುವ ಭರವಸೆ ಕೊಟ್ಟರು. ಎಡವಿದ ನಮ್ಮನ್ನೂ ಅವರು ಸಾಕ್ಷಿಗಳಾಗಿಯೇ ಕರೆಯುತ್ತಿದ್ದಾರೆ. ಪಂಚಾಶತ್ತಮ ಹಬ್ಬಕ್ಕೆ ಇನ್ನು ಒಂದು ವಾರವಿದೆ. ಅಗ್ನಿಯ ನಾಲಗೆಗಳಾಗಿ ಇಳಿದುಬಂದ ಪವಿತ್ರಾತ್ಮರು ನಮ್ಮ ನಾಲಗೆಯನ್ನೂ ಬೆರಳನ್ನೂ ಶುದ್ಧೀಕರಿಸಲಿ ಎಂದು ಪ್ರಾರ್ಥಿಸೋಣ. ತಮಗೆ ಬಂದ ಸಂದೇಶವನ್ನು ಮನದಲ್ಲಿಟ್ಟು ಧ್ಯಾನಿಸಿದ ಮಾತೆ ಮರಿಯಮ್ಮನವರು ನಮಗಾಗಿ ಬಿನ್ನವಿಸಲಿ.

ಎಲ್ಲರಿಗೂ ಸ್ವರ್ಗಾರೋಹಣ ಮಹೋತ್ಸವದ ಶುಭಾಶಯಗಳು.